ಸಾಲ ನಮ್ಮದು, ಬಾಡಿಗೆ ಅವರಿಗೆ

ಮೊನ್ನೆ ಭಾನುವಾರ ಚಿಕ್ಕಪ್ಪನ ಜೊತೆ ಬೆಣ್ಣೆ ದೋಸೆ ತಿನ್ನಲು ಹೋಗಿದ್ದೆ. ಎರಡನೇ ದೋಸೆ ಇನ್ನೂ ಕಾವಲಿ ಮೇಲಿತ್ತು, ಅಷ್ಟರಲ್ಲಿ ಫೋನಿಗೆ ಮೆಸೇಜ್ ಬಂತು. ನನ್ನ ಕಾರಿನ ಆ್ಯಪ್ ಮೂರು ವರ್ಷ ಫ್ರೀ ಇತ್ತು, ಅದು ಮುಗಿಯಿತು, ಇನ್ನು ಬೇಕಾದರೆ ದುಡ್ಡು ಕಟ್ಟಿ ಅಂತ. ಮನೆಯಿಂದಲೇ ಎಸಿ ಆನ್ ಮಾಡೋದು, ಕಾರು ಎಲ್ಲಿದೆ ಅಂತ ನೋಡೋದು, ಲಾಕ್ ಆಗಿದೆಯಾ ಇಲ್ವಾ ಅಂತ ತಿಳಿಯೋದು, ಎಲ್ಲಾ ಬಂದ್. ಚಿಕ್ಕಪ್ಪನಿಗೆ ಓದಿ ಹೇಳಿದೆ.

"ಅಲ್ಲಲೇ, ಕಾರಿನ ಸಾಲನೇ ತೀರಿಲ್ಲ, ಅದ್ರ ಮೇಲೆ ಬಾಡಿಗೆ ಬೇರೆ ಕಟ್ಬೇಕಾ?" ಅಂದವರು ಚಟ್ನಿಗೆ ಕೈ ತೋರಿಸಿದರು.

ಇದು ನನ್ನೊಬ್ಬನ ಗೋಳಲ್ಲ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡಲು ತಿಂಗಳ ಚಂದಾ ಕೇಳಿತ್ತು. ಸೀಟೊಳಗೆ ತಂತಿ ಮೊದಲೇ ಇದೆ, ದುಡ್ಡು ಕಟ್ಟಿದರೆ ಮಾತ್ರ ಬಿಸಿ! ಜನ ಉಗಿದರು, ಮರುವರ್ಷ ಕೈಬಿಟ್ಟರು. ನಮ್ಮ ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷ ಹೊರಗೆ ನಿಲ್ಲಿಸಿದರೆ ಸೀಟು ಪುಕ್ಕಟೆ ಕಾಯುತ್ತೆ, ಅದು ಬೇರೆ ಮಾತು.

ಕಂಪನಿಗಳ ಸಂಕಟವೂ ಅರ್ಥವಾಗುತ್ತೆ. ಒಂದು ಸಲ ಕಾರು ಮಾರಿದರೆ ಮುಗೀತು, ವಾರಂಟಿ ಕಳೆದ ಮೇಲೆ ನಾವು ಗೊತ್ತಿರೋ ಗ್ಯಾರೇಜಿಗೇ ಹೋಗೋದು. ಆ ಕಡೆ ಊಬರ್, ಓಲಾದಂಥ ಪ್ಲಾಟ್‌ಫಾರ್ಮ್‌ನವರು, ಅಂದರೆ ಕಾರಿನವರನ್ನೂ ಗಿರಾಕಿಯನ್ನೂ ಜೋಡಿಸೋರು, ಕಾರೇ ತಯಾರಿಸದೆ ಪ್ರತಿ ಟ್ರಿಪ್ಪಿಗೂ ಕಮಿಷನ್ ಎತ್ತಿದರು. ಹೊಟ್ಟೆಕಿಚ್ಚು ಬರದೆ ಇರುತ್ತಾ?

ಕಾರು ಕಂಪನಿಯವರೂ ಬಾಡಿಗೆ ವ್ಯವಹಾರಕ್ಕೆ ಇಳಿದರು. ಮರ್ಸಿಡಿಸ್ ಬೆಂಜ್ ತಯಾರಿಸೋ ಡೈಮ್ಲರ್ 2008ರಲ್ಲೇ ಜರ್ಮನಿಯ ಉಲ್ಮ್ ಊರಲ್ಲಿ ಕಾರ್‌ಟುಗೋ ಶುರು ಮಾಡಿತ್ತು, ನಿಮಿಷದ ಲೆಕ್ಕದಲ್ಲಿ ಬಾಡಿಗೆ ಕಾರು. 2019ರಲ್ಲಿ ಬದ್ಧವೈರಿ ಬಿಎಂಡಬ್ಲ್ಯು ಜೊತೆ ಸೇರಿ, ನೂರು ಕೋಟಿ ಯೂರೋಗೂ ಜಾಸ್ತಿ ಹಾಕ್ತೀವಿ ಅಂತ ಘೋಷಿಸಿ, ಎರಡೂ ಕಡೆಯ ಬಾಡಿಗೆ ಕಾರುಗಳನ್ನು ಶೇರ್ ನೌ ಅಂತ ಒಂದು ಮಾಡಿದರು. 2022ರಲ್ಲಿ ಅದನ್ನೂ ಇನ್ನೊಂದು ಕಾರು ಕಂಪನಿ ಸ್ಟೆಲ್ಲಾಂಟಿಸ್‌ಗೆ ಮಾರಿದರು. ಜನರಲ್ ಮೋಟಾರ್ಸ್‌ನ ಬಾಡಿಗೆ ಕಾರು ಸೇವೆ ಮೇವನ್ 2016ರಲ್ಲಿ ಹುಟ್ಟಿ 2020ಕ್ಕೆ ಮುಚ್ಚಿತು.

ನನ್ನ ಪ್ರಕಾರ ಇವರು ಎಡವಿದ್ದು ಪ್ಲಾಟ್‌ಫಾರ್ಮ್ ಅಂದರೆ ಏನು ಅನ್ನೋದರಲ್ಲಿ. ನಮ್ಮ ಪಿ.ಬಿ. ರಸ್ತೆ ಕಡೆ ಚಿಕ್ಕಪ್ಪನ ಗೆಳೆಯರೊಬ್ಬರು ಹಳೆ ಕಾರಿನ ದಲ್ಲಾಳಿ ಇದ್ದರು, ಅವರ ಹತ್ತಿರ ಒಂದೂ ಸ್ವಂತ ಕಾರಿರಲಿಲ್ಲ, ಇದ್ದಿದ್ದು ಅಂಚೆಲ್ಲಾ ಮಡಚಿಹೋದ ಒಂದು ನೋಟ್‌ಬುಕ್, ಅದರಲ್ಲಿ ಒಂದು ಕಡೆ ಮಾರೋರ ನಂಬರು, ಇನ್ನೊಂದು ಕಡೆ ಕೊಳ್ಳೋರದು. ಇಬ್ಬರ ಹತ್ತಿರವೂ ಕಮಿಷನ್. ಆರ್‌ಸಿ ವರ್ಗಾವಣೆಗೆ ಆರ್‌ಟಿಒ ಓಡಾಟವೂ ಅವರದೇ. ಕಾರು ಯಾವ ಕಂಪನಿಯದು ಅಂತ ಅವರು ತಲೆ ಕೆಡಿಸಿಕೊಂಡವರಲ್ಲ. ಪ್ಲಾಟ್‌ಫಾರ್ಮ್ ಅಂದರೆ ಅದು ಅಲ್ವಾ? ಕಾರ್‌ಟುಗೋದಲ್ಲಿ ಕಾರು ಅವರದೇ, ತೊಳೆಯೋದು ಅವರೇ, ಪಾರ್ಕಿಂಗ್ ದುಡ್ಡೂ ಅವರದೇ. ಆ್ಯಪ್ ಇದ್ದ ಮಾತ್ರಕ್ಕೆ ಟ್ರಾವೆಲ್ಸ್ ಇಟ್ಟೋರು ಪ್ಲಾಟ್‌ಫಾರ್ಮ್ ಆಗಿಬಿಡುತ್ತಾರಾ?

ಬಾಡಿಗೆಯೇ ತಪ್ಪು ಅಂತಲೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್ ಅನ್ನೋ ಎಲೆಕ್ಟ್ರಿಕ್ ಕಾರು ಆಗ 9.99 ಲಕ್ಷಕ್ಕೆ ಸಿಗುತ್ತಿತ್ತು, ಬ್ಯಾಟರಿಗೆ ಮಾತ್ರ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ. ಇಲ್ಲಿಂದ ಬೆಂಗಳೂರಿಗೆ 260 ಕಿ.ಮೀ. ಅಂದರೂ 910 ರೂಪಾಯಿ, ಚಾರ್ಜಿಂಗ್ ಬೇರೆ. ದುಬಾರಿನೋ ಅಗ್ಗನೋ, ಲೆಕ್ಕ ಕಣ್ಣೆದುರು ಇದೆ, ಓಡಿಸಿದಷ್ಟು ಕೊಡೋದು. ನನ್ನ ಕಾರಿನ ಲಾಕು ನೋಡೋಕೆ ನಾನ್ಯಾಕೆ ಕೊಡಲಿ?

ದುಡ್ಡು ಕಟ್ಟಲಿಲ್ಲ. ಆ್ಯಪ್ ನಿಂತು ನಾಲ್ಕು ದಿನ ಆಯಿತು. ರಾತ್ರಿ ಮಲಗೋ ಮುಂಚೆ ಚಪ್ಪಲಿ ಮೆಟ್ಟಿ ಕೆಳಗಿಳಿದು, ನಾಲ್ಕೂ ಬಾಗಿಲ ಹಿಡಿ ಎಳೆದು ನೋಡಿ ಬರುತ್ತಿದ್ದೇನೆ.