ಫಾರಿನ್‌ಗೆ ಹೋಗಿ ಬೆಂಚ್ ಮೇಲೆ ಕೂತು ಬಂದದ್ದು ತಾನೆ?

ಈ ಪ್ರಶ್ನೆಗೆ ಇಷ್ಟು ವರ್ಷ ಬಾಯಲ್ಲೇ ಉತ್ತರ ಕೊಡುತ್ತಾ ಬಂದೆ. ಮದುವೆ ಊಟದ ಸಾಲಿನಲ್ಲಿ ಕೊಟ್ಟಿದ್ದೇನೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟಿದ್ದೇನೆ. ಸಲೂನಿನ ಕುರ್ಚಿಯಲ್ಲಿ ಕತ್ತು ಬಗ್ಗಿಸಿಕೊಂಡೂ ಕೊಟ್ಟಿದ್ದೇನೆ. ಇನ್ನು ಸಾಕು. ಬರೆದು ಇಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾನು ವಾರಕ್ಕೆ ಎರಡು ದಿನ ಬೆಳಿಗ್ಗೆ ಮಂಗಳೂರಿನ ನೆಹರೂ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಕಾಲೇಜಿನಲ್ಲಿ ಫಾರ್ವರ್ಡ್ ಆಡುತ್ತಿದ್ದೆ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ಇಷ್ಟು ಗೊತ್ತಾದರೆ ಸಾಕು, ಜನ ಶುರು ಮಾಡುತ್ತಾರೆ: "ಸುನಿಲ್ ಛೆಟ್ರಿ ಅಷ್ಟು ದೊಡ್ಡ ಆಟಗಾರ ಅಂತೀರಿ. ಮತ್ತೆ ಫಾರಿನ್‌ನಲ್ಲಿ ಯಾಕೆ ನಿಲ್ಲಲಿಲ್ಲ? ಹೋಗಿ ಬೆಂಚ್ ಮೇಲೆ ಕೂತು ಬಂದದ್ದು ತಾನೆ?"

ಆ "ತಾನೆ" ಇದೆಯಲ್ಲ, ನನಗೆ ಕೋಪ ಬರುವುದು ಅದಕ್ಕೆ. ಕೇಳುವ ಮೊದಲೇ ತೀರ್ಪು ಬರೆದು ಇಟ್ಟಾಗಿದೆ. ನಾನು ಸುಮ್ನೆ ತಲೆ ಆಡಿಸಿ ಸಹಿ ಹಾಕಬೇಕು. ನಾನು ಹಾಕುವುದಿಲ್ಲ.

ಮೊದಲು ನಡೆದದ್ದು ಏನು ಅಂತ ನೋಡಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಭಾರತ ತಂಡದ ಫಾರ್ವರ್ಡ್ ಛೆಟ್ರಿಯನ್ನು ಕರೆದಿತ್ತು. ಮೂರು ವರ್ಷದ ಒಪ್ಪಂದ ಸಿದ್ಧ. ಬ್ರಿಟನ್ ಸರ್ಕಾರ ವರ್ಕ್ ಪರ್ಮಿಟ್ ಕೊಡಲಿಲ್ಲ. ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರುವ ದೇಶದವರಿಗೆ ಮಾತ್ರ ಅವಕಾಶ ಅಂತ ಆಗ ಅಲ್ಲಿ ನಿಯಮ. ಭಾರತ ಅದರ ಹತ್ತಿರವೂ ಇರಲಿಲ್ಲ. ಅಂದರೆ ಅವರ ಆಟ ನೋಡಿ ಬೇಡ ಅಂದದ್ದಲ್ಲ, ಪಾಸ್‌ಪೋರ್ಟ್ ನೋಡಿ ಬೇಡ ಅಂದದ್ದು. ವೀಸಾ ರಿಜೆಕ್ಟ್ ಆದಾಗ ಮನೆಯಲ್ಲಿ ಹೇಗಿರುತ್ತದೆ ಅಂತ ಮಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಾ?

ಮರುವರ್ಷ, 2010ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿ ವಿಝರ್ಡ್ಸ್ ತಂಡ ಸೇರಿದರು. ಅಲ್ಲಿ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಯು.ಎಸ್. ಓಪನ್ ಕಪ್ ಎಂಬ ಬೇರೆ ಫುಟ್‌ಬಾಲ್ ಟೂರ್ನಿಯ ಒಂದು ಪಂದ್ಯದಲ್ಲಿ ಆಡಿದರು. ಆ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೌಹಾರ್ದ ಪಂದ್ಯಕ್ಕೆ ಬಂದಾಗ ಬದಲಿ ಆಟಗಾರನಾಗಿ ಇಳಿದರು. ಆ ಪಂದ್ಯವನ್ನು ಕಾನ್ಸಾಸ್ 2-1ರಿಂದ ಗೆದ್ದಿತು. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್‌ಗೆ ಹೋದರು. ಅಲ್ಲಿ ಬಿ ತಂಡ, ಎರಡನೇ ದರ್ಜೆಯ ಲೀಗ್, ಒಟ್ಟು ಮೂರು ಪಂದ್ಯ. ಎರಡೂ ದೇಶ ಸೇರಿಸಿದರೆ ಲೀಗ್‌ನಲ್ಲಿ ಗೋಲು ಸೊನ್ನೆ.

ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಸೊನ್ನೆ ಸೊನ್ನೆಯೇ. ಆದರೆ ಆ ಸೊನ್ನೆಯನ್ನು ಯಾರು ಯಾರ ಎದುರು ಹೇಗೆ ಹೇಳುತ್ತಾರೆ ಅನ್ನುವುದು ನನಗೆ ತುಂಬಾ ಮುಖ್ಯ. ಅದಕ್ಕೆ ಕಾರಣ ಒಂದು ಜುಲೈ ತಿಂಗಳ ಬೆಳಿಗ್ಗೆ.

ನಮ್ಮಲ್ಲಿ ಫುಟ್‌ಬಾಲ್ ಜೋರಾಗುವುದು ಮಳೆಗಾಲದಲ್ಲಿ. ಕ್ರಿಕೆಟ್‌ನವರು ಬ್ಯಾಟು ಕಟ್ಟಿಟ್ಟ ಮೇಲೆ ಮೈದಾನ ನಮಗೆ ಸಿಗುತ್ತದೆ. ಆ ಜುಲೈಯಲ್ಲಿ ಹನ್ನೆರಡು ವರ್ಷದ ಒಬ್ಬಳು ಹುಡುಗಿ ಅಭ್ಯಾಸಕ್ಕೆ ಬರುತ್ತಿದ್ದಳು. ಅವಳದ್ದು ಫಾರ್ವರ್ಡ್ ಆಟ. ಚೆಂಡು ಕಾಲಿಗೆ ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾಳೆ, ಡಿಫೆಂಡರ್ ಎಲ್ಲಿದ್ದಾನೆ ಅಂತ. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ದೊಡ್ಡ ಹುಡುಗರಿಗೆ ಹತ್ತು ಸಲ ಹೇಳಿದರೂ ಬರುವುದಿಲ್ಲ.

ಅವಳ ಅಪ್ಪ ದಕ್ಕೆಯಲ್ಲಿ ಮೀನಿನ ಬೋಟಿನ ಕೆಲಸದವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಆ ಎರಡು ತಿಂಗಳು ಮಗಳನ್ನು ಕರೆದುಕೊಂಡು ಅವರೇ ಬರುತ್ತಿದ್ದರು. ಗೋಲ್‌ಪೋಸ್ಟಿನ ಹಿಂದೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಅಭ್ಯಾಸ ಮುಗಿದು ಅವಳು ನಲ್ಲಿಯ ಹತ್ತಿರ ಕೂತು ಬೂಟಿನ ಕೆಸರು ತೊಳೆಯುತ್ತಿದ್ದಳು. ನಾನು ಅವರಿಗೆ, ನಿಮ್ಮ ಮಗಳಲ್ಲಿ ಆಟ ಉಂಟು, ಬಿಡಿಸಬೇಡಿ, ಅಂದೆ.

"ಎಂತ ಮಾಷ್ಟ್ರೆ," ಅಂದರು. "ಛೆಟ್ರಿಯಂಥವನಿಗೇ ಫಾರಿನ್‌ನಲ್ಲಿ ಆಗ್ಲಿಲ್ಲ. ಬೆಂಚ್ ಮೇಲೆ ಕೂತು ಬಂದದ್ದು ತಾನೆ? ಇನ್ನು ಇವಳು ಆಡಿ ಎಂತ ಆಗ್ಲಿಕ್ಕುಂಟು?"

ಅವಳ ಕೈ ಬೂಟಿನ ಮೇಲೆ ನಿಂತುಹೋಯಿತು. ನಲ್ಲಿ ನೀರು ಸುರಿಯುತ್ತಲೇ ಇತ್ತು.

ನನಗೆ ತಡೆಯಲಾಗಲಿಲ್ಲ. "ನೀವು ದಮ್ಮಾಮಿಗೆ ಹೋಗಿ ಎರಡು ವರ್ಷಕ್ಕೆ ವಾಪಸ್ ಬಂದ್ರಲ್ಲ, ಅದನ್ನು ಎಂತ ಅಂತ ಹೇಳುವುದು? ಅದೂ ಫೇಲಾ?" ಅಂದುಬಿಟ್ಟೆ.

ಅವರು ಮಾತಾಡಲಿಲ್ಲ. ಕೊಡೆ ಈ ಕೈಯಿಂದ ಆ ಕೈಗೆ ಬದಲಿಸಿದರು. ಹಾಗೆ ಹೇಳಬಾರದಿತ್ತು. ಅವರು ಸೌದಿಗೆ ಹೋದದ್ದು, ಕಂಪನಿ ವೀಸಾ ಮುಂದುವರಿಸದೆ ಬಂದದ್ದು, ಅವರೇ ಒಂದು ದಿನ ನನ್ನನ್ನು ನಂಬಿ ಹೇಳಿದ ಮಾತು. ಅದನ್ನು ಮಗಳ ಎದುರೇ ಎತ್ತಿ ಆಡಿದೆ. ಮರುದಿನ ಹೋಗಿ ಕ್ಷಮೆ ಕೇಳಿದೆ. ಆದರೆ ಆ ಮಾತನ್ನು ಇಲ್ಲಿ ಬರೆಯುತ್ತಿರುವುದು ಯಾಕೆಂದರೆ, ಈ ಪ್ರಶ್ನೆ ಕೇಳುವ ಎಲ್ಲರಿಗೂ ನನ್ನ ಉತ್ತರ ಅದರಲ್ಲೇ ಇದೆ.

ನಮ್ಮ ಊರಿನಲ್ಲಿ ಫಾರಿನ್‌ಗೆ ಹೋಗಿ ಬಂದವರಿಲ್ಲದ ಬೀದಿ ಇದೆಯಾ? ದುಬೈ, ಕುವೈತ್, ಮಸ್ಕತ್, ದೋಹಾ. ಕೆಲವರು ಮೂವತ್ತು ವರ್ಷ ನಿಂತರು. ಕೆಲವರು ಆರು ತಿಂಗಳಿಗೆ ಬಂದರು. ಹಾಗೆ ಬಂದವರನ್ನು ನಾವು ಸೋತವರು ಅನ್ನುತ್ತೇವಾ? ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದವರ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಕರೆದುಕೊಂಡು ಬರುತ್ತೇವೆ. ಅಲ್ಲಿ ಕೆಲಸ ಹೇಗೆ, ಊಟ ಹೇಗೆ, ಸೆಖೆ ಎಷ್ಟು, ಎಲ್ಲ ಕೇಳುತ್ತೇವೆ. ಮನೆಯವರಿಗೆ ಕೊಡುವ ಈ ಮರ್ಯಾದೆ ಒಬ್ಬ ಆಟಗಾರನಿಗೆ ಯಾಕಿಲ್ಲ? ಅವನೂ ಕೆಲಸಕ್ಕೆ ಹೋದವನೇ ಅಲ್ವಾ?

ಇನ್ನು ಆ ದಿನದ ಮುಂದಿನ ಭಾಗ. ನಾವಿಬ್ಬರೂ ದೊಡ್ಡವರು ಮುಖ ತಿರುಗಿಸಿ ನಿಂತಿದ್ದಾಗ ಹುಡುಗಿ ಕೇಳಿದಳು: "ಸರ್, ಆಟಕ್ಕೆ ಇಳಿಸದ ದಿನ ಅವರು ಅಲ್ಲಿ ಎಂತ ಮಾಡ್ತಾರೆ?"

ಇಷ್ಟು ವರ್ಷದಲ್ಲಿ ಒಬ್ಬರಾದರೂ ಇದನ್ನು ಕೇಳಿರಲಿಲ್ಲ. ಕೇಳಬೇಕಾದದ್ದು ಇದೇ. ಯಾಕೆಂದರೆ ಹೊರದೇಶಕ್ಕೆ ಹೋದ ಫಾರ್ವರ್ಡ್‌ನ ಬದುಕಿನಲ್ಲಿ ಆಡಿದ ದಿನಕ್ಕಿಂತ ಆಡದ ದಿನವೇ ಜಾಸ್ತಿ.

ಅವಳಿಗೆ ನಾನು ಹೇಳಿದ್ದು ಇದು. ಪಂದ್ಯದ ಮರುದಿನ ಆಡಿದವರಿಗೆ ಹಗುರ ವ್ಯಾಯಾಮ. ಆಡದವರಿಗೆ ಪೂರ್ತಿ ಅಭ್ಯಾಸ. ಬೇರೆಯವರು ಮೈ ಸಡಿಲಿಸಿಕೊಳ್ಳುವಾಗ ನೀನು ಬೆವರು ಸುರಿಸಬೇಕು, ಯಾವ ದಿನ ಕರೆದರೂ ದಮ್ಮು ಇರಬೇಕಲ್ಲ. ಮುಂದಿನ ಪಂದ್ಯಕ್ಕೆ ತಂಡ ತಯಾರಾಗುವಾಗ ಎದುರಾಳಿಯ ಫಾರ್ವರ್ಡ್ ಹೇಗೆ ಓಡುತ್ತಾನೋ ಹಾಗೆ ನೀನು ಓಡಿ ತೋರಿಸಬೇಕು. ನಿನ್ನದೇ ತಂಡದ ಡಿಫೆಂಡರ್‌ಗಳು ನಿನ್ನ ಮೇಲೆ ಅಭ್ಯಾಸ ಮಾಡುತ್ತಾರೆ. ಪಂದ್ಯದ ದಿನ ಅಂಚಿನಲ್ಲಿ ಓಡಾಡುತ್ತಾ ಮೈ ಬಿಸಿ ಇಟ್ಟುಕೊಳ್ಳಬೇಕು. ಒಮ್ಮೊಮ್ಮೆ 85ನೇ ನಿಮಿಷಕ್ಕೆ ಕರೆಯುತ್ತಾರೆ. ಒಮ್ಮೊಮ್ಮೆ ಕರೆಯುವುದೇ ಇಲ್ಲ.

"ಫಾರ್ವರ್ಡ್‌ಗೇ ಯಾಕೆ ಇಷ್ಟು ಕಷ್ಟ?" ಅಂತಲೂ ಕೇಳಿದಳು. ಇದಕ್ಕೆ ನನ್ನ ಹತ್ತಿರ ಉತ್ತರ ಉಂಟು, ಮೈಯಲ್ಲಿ ಅನುಭವಿಸಿದ್ದು. ಬ್ಯಾಕ್ ಆಡುವವರಿಗೆ, ಅಂದರೆ ಹಿಂದೆ ನಿಂತು ತಡೆಯುವವರಿಗೆ, ಕೆಲಸ ತಂದುಕೊಡುವುದು ಎದುರಾಳಿ. ಗೋಲ್‌ಕೀಪರ್‌ಗೂ ಹಾಗೆ. ನಮ್ಮ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ತಂಡಕ್ಕೆ ಗೋಲ್ ಕಾದವರು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲೂ ಆಡಿದವರು. ಕೀಪರ್ ಕಡೆಗೆ ಚೆಂಡು ಬಂದೇ ಬರುತ್ತದೆ. ಫಾರ್ವರ್ಡ್‌ಗೆ ಮಾತ್ರ ಸ್ವಂತ ತಂಡದವರೇ ಚೆಂಡು ಕೊಡಬೇಕು. ನೀನು ಓಡುವ ಜಾಗಕ್ಕೆ ನೀನು ತಲುಪುವ ಮೊದಲೇ ಪಾಸ್ ಹೊರಡಬೇಕು. ಅಂದರೆ ನೀನು ಎಲ್ಲಿಗೆ ಓಡುತ್ತೀ ಅಂತ ಇನ್ನೊಬ್ಬರಿಗೆ ಗೊತ್ತಿರಬೇಕು, ಅವರಿಗೆ ನಿನ್ನ ಮೇಲೆ ನಂಬಿಕೆ ಇರಬೇಕು. ಭಾಷೆ ಗೊತ್ತಿಲ್ಲದ ಊರಿನಲ್ಲಿ, ನಿನ್ನ ಹೆಸರು ಹೇಳಲಿಕ್ಕೂ ಬಾರದವರ ನಡುವೆ, ಆ ನಂಬಿಕೆ ಎರಡು ವಾರದಲ್ಲಿ ಬರುತ್ತದಾ?

ಇದರ ಜೊತೆ ಇನ್ನೊಂದು. ನಮ್ಮದೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳು ಹಣ ಕೊಟ್ಟು ಹೊರಗಿನವರನ್ನು ತರುವಾಗ ಮೊದಲು ನೋಡುವುದು ಗೋಲು ಹೊಡೆಯುವವರನ್ನು. ಹಾಗಾಗಿ ಇಲ್ಲಿನ ಹುಡುಗ ಫಾರ್ವರ್ಡ್ ಆಗಿ ಬೆಳೆದರೂ ಕೋಚ್ ಅವನನ್ನು ಮೈದಾನದ ಅಂಚಿನ ಕಡೆಗೆ, ವಿಂಗ್‌ಗೆ, ತಳ್ಳುತ್ತಾರೆ. ಸ್ವಂತ ಮನೆಯಲ್ಲೇ ಆ ಜಾಗದಲ್ಲಿ ಆಡಿ ಅಭ್ಯಾಸ ಇಲ್ಲದವರು ಹೊರಗೆ ಹೋಗಿ ಆಡುವುದು ಹೇಗೆ?

ಭೈಚುಂಗ್ ಭುಟಿಯಾ ಸಿಕ್ಕಿಂನಿಂದ ಹೊರಟು 1999ರಲ್ಲಿ ಇಂಗ್ಲೆಂಡಿನ ಬೆರಿ ಎಂಬ ಸಣ್ಣ ಕ್ಲಬ್ ಸೇರಿದಾಗ ಅವರಿಗೆ 22 ವರ್ಷ. ಮೂರು ಸೀಸನ್, 37 ಲೀಗ್ ಪಂದ್ಯ, 3 ಗೋಲು. ನಡುವೆ ಗಾಯ, ಕೊನೆಗೆ ಕ್ಲಬ್ಬಿಗೇ ದುಡ್ಡಿನ ತಾಪತ್ರಯ. ಅವರಿಗೂ ಬಹಳ ಹಿಂದೆ, 1936ರಲ್ಲಿ, ಕಲ್ಕತ್ತೆಯ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿನಲ್ಲಿ ಬರಿಗಾಲಲ್ಲಿ ಆಡಿದರು. ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು. ಉಳಿದುಕೋ ಅಂದರೂ ಉಳಿಯಲಿಲ್ಲ, ಊರಿನ ನೆನಪಾಗಿ ವಾಪಸ್ ಬಂದರು. ಇವರಲ್ಲಿ ಯಾರನ್ನೂ ಸೋತವರ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಛೆಟ್ರಿ ವಾಪಸ್ ಬಂದು 2013ರಲ್ಲಿ ಹೊಸದಾಗಿ ಶುರುವಾದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಸೀಸನ್ನಿನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳುವಾಗ ದೇಶಕ್ಕೆ ಹೊಡೆದ ಗೋಲು 94. ಮರುವರ್ಷ ಮತ್ತೆ ಬಂದು, 40 ದಾಟಿದ ವಯಸ್ಸಿನಲ್ಲಿ, ಮಾಲ್ಡೀವ್ಸ್ ವಿರುದ್ಧ ಇನ್ನೊಂದು ಹೊಡೆದರು. ಬೆಂಚ್ ಮೇಲೆ ಕೂತು ಬಂದವರು ಮಾಡಿದ ಕೆಲಸ ಇದು.

ನಲ್ಲಿಯ ಹತ್ತಿರ ನಾನು ಇಷ್ಟೆಲ್ಲ ಹೇಳಿದ ಮೇಲೂ ಹುಡುಗಿ ಸುಮ್ಮನಿದ್ದಳು. ಆಗ ನನಗೆ ಹೊಳೆಯಿತು. ನಾನೂ ಅವಳ ಅಪ್ಪನೂ ಇಷ್ಟು ಹೊತ್ತು ಜಗಳ ಆಡಿದ್ದು ಪೂರ್ತಿ ಗಂಡಸರ ಬಗ್ಗೆ. ಕೇಳುತ್ತಾ ಕೂತವಳು ಹುಡುಗಿ.

ಹಾಗಾಗಿ ಬಾಲಾ ದೇವಿಯ ವಿಷಯ ಹೇಳಿದೆ. ಮಣಿಪುರದವರು. ಅಲ್ಲಿನ ಪೊಲೀಸ್ ತಂಡದ ಫಾರ್ವರ್ಡ್. 2019ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿಗೆ ಟ್ರಯಲ್‌ಗೆ ಹೋದರು. 2020ರ ಜನವರಿಯಲ್ಲಿ ಹದಿನೆಂಟು ತಿಂಗಳ ಒಪ್ಪಂದ ಆಯಿತು. ಯುರೋಪಿನ ಕ್ಲಬ್ ಜೊತೆ ವೃತ್ತಿಪರ ಒಪ್ಪಂದ ಮಾಡಿಕೊಂಡ ಮೊದಲ ಭಾರತೀಯ ಮಹಿಳೆ ಅವರು. ಆಗ ಅವರಿಗೆ 30 ತುಂಬಲು ಕೆಲವೇ ದಿನ ಬಾಕಿ. ನಮ್ಮಲ್ಲಿ ಆ ವಯಸ್ಸಿಗೆ ಹೆಣ್ಣುಮಕ್ಕಳ ಬೂಟು ಅಟ್ಟದ ಮೇಲೆ ಇರುತ್ತದೆ. ಹೋಗಿ ಎರಡು ತಿಂಗಳಾಗುವಷ್ಟರಲ್ಲಿ ಕೊರೊನಾ ಬಂತು. ಆಟ ನಿಂತಿತು. ಗೊತ್ತಿಲ್ಲದ ಊರು, ಮುಚ್ಚಿದ ಮೈದಾನ. ಅವರು ಉಳಿದರು. 2020ರ ಡಿಸೆಂಬರ್‌ನಲ್ಲಿ ಮದರ್‌ವೆಲ್ ವಿರುದ್ಧ ಬದಲಿಯಾಗಿ ಇಳಿದು ಗೋಲು ಹೊಡೆದರು.

"ಬೆಂಚ್‌ನಿಂದ ಬಂದಾ?" ಅಂದಳು.

"ಬೆಂಚ್‌ನಿಂದಲೇ ಬಂದು," ಅಂದೆ.

ಆಮೇಲೆ ಮೊಣಕಾಲಿಗೆ ದೊಡ್ಡ ಗಾಯ ಆಯಿತು. ಎಷ್ಟೋ ಜನರ ಆಟ ಅಲ್ಲಿಗೇ ನಿಲ್ಲುತ್ತದೆ. ಬಾಲಾ ದೇವಿ ವಾಪಸ್ ಬಂದು ಮತ್ತೆ ಭಾರತ ತಂಡಕ್ಕೆ ಆಡಿದರು, 2024ರಲ್ಲಿ ದೇಶಕ್ಕಾಗಿ ತಮ್ಮ 50ನೇ ಗೋಲು ಹೊಡೆದರು. ಅವರ ಹಿಂದೆಯೇ ಪಂಜಾಬಿನ ಮನೀಶಾ ಕಲ್ಯಾಣ್ ಹೊರಟರು. 2022ರಲ್ಲಿ ಸೈಪ್ರಸ್‌ನ ಅಪೊಲೊನ್ ತಂಡದ ಪರ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದರು. ಇವರ ಬಗ್ಗೆ ಸಲೂನಿನಲ್ಲಿ ನನ್ನನ್ನು ಯಾರೂ ಕೇಳಿಲ್ಲ, ಒಮ್ಮೆಯೂ ಇಲ್ಲ. ಕೇಳಿ ಮಾರಾಯ್ರೆ. ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.

ಮುಂದಿನ ವಾರ ಅಪ್ಪ ಮಗಳು ಇಬ್ಬರೂ ಬಂದರು. ಅವಳು ಬೂಟು ಹಾಕಿಕೊಳ್ಳುವಾಗ ನೋಡಿದೆ. ಹಿಂದಿನ ವಾರ ಎಡಗಾಲಿನ ಬೂಟು ಮುಂದೆ ಬಾಯಿ ಬಿಟ್ಟಿತ್ತು. ಈಗ ಅದನ್ನು ನೀಲಿ ನೈಲಾನ್ ನೂಲಿನಲ್ಲಿ ಹೊಲಿದಿತ್ತು. ಬಲೆಯ ನೂಲು. ಹೊಲಿಗೆ ಒಂದೊಂದೂ ಒಂದೇ ಅಳತೆ. ಚೆಂಡು ತಾಗುವ ಕಡೆ ಗಂಟು ಬರದ ಹಾಗೆ ಎಲ್ಲವನ್ನೂ ಅಡಿಗೆ ತಂದು ಕಟ್ಟಿತ್ತು. ಫುಟ್‌ಬಾಲ್ ಆಡದವರಿಗೆ ಅದು ಹೊಳೆಯುವುದು ಕಷ್ಟ. ಅವಳ ಅಪ್ಪ ನಿಂತು ನೋಡಿ ತಿಳಿದುಕೊಂಡಿದ್ದರು.

ಅವಳು ಮೈದಾನಕ್ಕೆ ಓಡಿದ ಮೇಲೆ ಅವರು ಹತ್ತಿರ ಬಂದರು.

"ಮಾಷ್ಟ್ರೆ, ಒಂದು ಕೇಳ್ತೇನೆ. ಆಡಿಸದ ದಿನಕ್ಕೂ ಅಲ್ಲಿ ಸಂಬಳ ಉಂಟಾ?"

"ಉಂಟು," ಅಂದೆ. "ಒಪ್ಪಂದ ಇರುವವರೆಗೆ ಕೊಡಬೇಕು."

"ನಮಗೆ ಈ ಎರಡು ತಿಂಗಳು ಅದೂ ಇಲ್ಲ," ಅಂದು ನಕ್ಕರು. ಆಮೇಲೆ ಕೊಡೆ ಬಿಚ್ಚಿಕೊಂಡು ಗೋಲ್‌ಪೋಸ್ಟಿನ ಹಿಂದೆ ತಮ್ಮ ಜಾಗಕ್ಕೆ ಹೋಗಿ ನಿಂತರು.