ಗಡಿಯಾರ ನೋಡು, ಫೋಟೋ ನೋಡ್ಬೇಡ

1992ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಕ್ಯಾಮೆರಾ ಕೈಗೆ ಸಿಗುತ್ತೆ ಅಂತ ಹೋದವನಿಗೆ ಸಿಕ್ಕಿದ್ದು ಪೊರಕೆ. ಆಮೇಲೆ ಟ್ರೇ ತೊಳೆಯುವ ಕೆಲಸ. ಆರು ತಿಂಗಳಾದ ಮೇಲೆ ಫೋಟೋ ತೊಳೆಯುವ ಡಾರ್ಕ್ ರೂಮಿನೊಳಗೆ ಬಿಟ್ಟುಕೊಂಡರು.

ಮೆಟ್ಟಿಲ ಕೆಳಗಿನ ಗೂಡು ಅದು. ಒಂದು ಕೆಂಪು ಬಲ್ಬು, ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಡುವ ಒಂದು ಎನ್‌ಲಾರ್ಜರ್, ಸಾಲಾಗಿ ಮೂರು ಟ್ರೇ. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ನಡುವೆ ಅದನ್ನು ನಿಲ್ಲಿಸುವ ಹುಳಿ ನೀರು, ಕೊನೆಗೆ ಚಿತ್ರ ಅಳಿಯದ ಹಾಗೆ ಉಳಿಸುವ ಹೈಪೋ. ಗೋಡೆಯ ಮೇಲೆ ರೇಡಿಯಂ ಮುಳ್ಳಿನ ಗಡಿಯಾರ. ಅದು ಯಾಕಿದೆ ಅಂತ ನಾನು ಕೇಳಲೇ ಇಲ್ಲ.

ಒಂದು ಸಲ ಶಾಲೆಯ ಗ್ರೂಪ್ ಫೋಟೋ ಬಂತು, 40 ಕಾಪಿ. ಯಜಮಾನರು ಮದುವೆ ಆರ್ಡರಿಗೆ ಹೋಗಿದ್ದರು. ಬಿಳಿ ಕಾಗದದ ಮೇಲೆ ಮೊದಲು ಹುಡುಗಿಯರ ಜಡೆ, ಆಮೇಲೆ ಹೆಡ್‌ಮಾಸ್ಟರ್ ಕೋಟು, ನಿಧಾನಕ್ಕೆ ಮುಖಗಳು ಮೂಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಅರ್ಧ ನಿಮಿಷಕ್ಕೇ ಚಿತ್ರ ಕಪ್ಪಾಗಿ ಕಂಡಿತು. ಗಾಬರಿಯಲ್ಲಿ ಇಕ್ಕಳದಿಂದ ಎತ್ತಿ ಹೈಪೋಗೆ ಹಾಕಿದೆ. ಮುಂದಿನದೂ ಹಾಗೇ. ಕಣ್ಣಿಗೆ ಸರಿ ಅನಿಸಿದಾಗ ಎತ್ತೋದು, ಅಷ್ಟೇ ಲೆಕ್ಕ.

ಬೆಳಗ್ಗೆ ಯಜಮಾನರು 40 ಫೋಟೋನೂ ಅಂಗಳದಲ್ಲಿ ಸಾಲಾಗಿ ಹರಡಿದರು. ಒಂದಕ್ಕೊಂದು ಹೊಂದಿಕೆ ಇಲ್ಲ. ಮುಖಗಳು ಬೂದಿ ಬಳಿದ ಹಾಗೆ, ಕಪ್ಪು ಕೋಟು ಮಾಸಲು, ಕೆಲವದರ ಮೇಲೆ ಮೋಡದಂಥ ಕಲೆ ಬೇರೆ. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

"ಲೋ, ಫೋಟೋ ಕಪ್ಪಾಗೋದು ಟ್ರೇನಲ್ಲಲ್ಲ, ಎನ್‌ಲಾರ್ಜರ್ ಕೆಳಗೆ. ಟ್ರೇಗೆ ಹಾಕಿದ ಮೇಲೆ ಗಡಿಯಾರ ನೋಡು, ಫೋಟೋ ನೋಡ್ಬೇಡ."

ಕೆಂಪು ಬೆಳಕಿನಲ್ಲಿ ಎಲ್ಲವೂ ಇರೋದಕ್ಕಿಂತ ಕಪ್ಪಾಗೇ ಕಾಣುತ್ತೆ. ಅದನ್ನು ನಂಬಿ ಬೇಗ ಎತ್ತಿದರೆ ಕಪ್ಪು ಪೂರ್ತಿ ಕಪ್ಪಾಗಲ್ಲ, ಬಿಳಿಯ ಭಾಗದಲ್ಲಿ ವಿವರ ಮೂಡಲ್ಲ. ನಮ್ಮ ಕಾಗದಕ್ಕೆ ಪೂರ್ತಿ ಎರಡು ನಿಮಿಷ ಬೇಕಿತ್ತು. ಎರಡು ನಿಮಿಷಕ್ಕೆ ಜಾಸ್ತಿ ಕಪ್ಪಾದರೆ ಬೆಳಕು ಬಿಟ್ಟ ಸೆಕೆಂಡು ಕಡಿಮೆ ಮಾಡಬೇಕು, ಟ್ರೇಯ ಸಮಯವನ್ನಲ್ಲ.

ಎಷ್ಟು ಸೆಕೆಂಡು ಬೆಳಕು ಬಿಡಬೇಕು ಅಂತ ಮೊದಲೇ ಕಂಡುಕೊಳ್ಳೋಕೆ ಅವತ್ತೇ ಟೆಸ್ಟ್ ಸ್ಟ್ರಿಪ್ ಕಲಿಸಿದರು. ಕಾಗದದ ಒಂದು ಪಟ್ಟಿಯನ್ನು ರಟ್ಟಿನಿಂದ ಮುಚ್ಚಿ, ಮೂರು ಮೂರು ಸೆಕೆಂಡಿಗೆ ರಟ್ಟು ಸರಿಸುತ್ತಾ ಹೋಗೋದು. 3, 6, 9, 12, 15 ಅಂತ ಐದು ಮೆಟ್ಟಿಲು ಬರುತ್ತೆ. ಹೈಪೋ ಆದ ಮೇಲೆ ಬಿಳಿ ಬೆಳಕಲ್ಲಿ ನೋಡಿ ಆರಿಸಬೇಕು. ಒದ್ದೆ ಫೋಟೋ ಒಣಗಿದ ಮೇಲೆ ಒಂದು ಚೂರು ಕಪ್ಪಾಗುತ್ತೆ, ಅದೂ ಲೆಕ್ಕದಲ್ಲಿರಲಿ. ಆ ಗ್ರೂಪ್ ಫೋಟೋಗೆ 9 ಸೆಕೆಂಡ್ ಸರಿಹೋಯಿತು. ಹಿಂದಿನ ಸಾಲಿನವರ ಮೇಲೆ ಮರದ ನೆರಳು ಬಿದ್ದಿತ್ತು. ಸೈಕಲ್ ಕಡ್ಡಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ, ಆ ಮುಖಗಳಿಗೆ ಎರಡು ಸೆಕೆಂಡು ಬೆಳಕು ತಡೆದರು. ಕಡ್ಡಿ ಅಲ್ಲಾಡುತ್ತಲೇ ಇರಬೇಕು. ನಿಂತರೆ ತಲೆಯ ಸುತ್ತ ದೇವರ ಪಟದ ಪ್ರಭೆ ಬರುತ್ತೆ!

ಬೇಸಿಗೆಯ ಕಥೆ ಬೇರೆ. ಫಿಲ್ಮ್ ಡೆವಲಪರ್ 20 ಡಿಗ್ರಿಯಲ್ಲಿರಬೇಕು, ನಮ್ಮ ನಲ್ಲಿ ನೀರೇ 30 ಮುಟ್ಟೋದು. ಐಸ್ ತಂದು ಸೀದಾ ಡೆವಲಪರ್‌ಗೇ ಸುರಿದ ಬುದ್ಧಿವಂತ ನಾನೇ. ತೆಳ್ಳಗಾಗಿ ಇಡೀ ರೋಲ್ ಪೇಲವ ಬಂತು. ಐಸ್ ಹಾಕಬೇಕಾದ್ದು ಹೊರಗಿನ ಬಕೆಟ್ಟಿಗೆ, ಡೆವಲಪರ್ ಬಾಟಲಿ ಇಡಬೇಕಾದ್ದು ಅದರೊಳಗೆ.

ಆದರೆ ಗಡಿಯಾರದ ಪಾಠ ಪೂರ್ತಿ ತಲೆಗೆ ಹತ್ತಿದ್ದು ಅಕ್ಕನ ಮದುವೆ ಫೋಟೋದಿಂದ. ದೊಡ್ಡ ಪ್ರಿಂಟ್, ನಾನೇ ಮಾಡಿದ್ದು. ಎರಡು ನಿಮಿಷ ತಪ್ಪಿಸಲಿಲ್ಲ, ಕಪ್ಪು ಬಿಳುಪು ಚೆನ್ನಾಗೇ ಬಂದಿತ್ತು. ಕೊನೆಗೆ ಹರಿಯುವ ನೀರಿನಲ್ಲಿ ಒಂದು ಗಂಟೆ ಬಿಡಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಹತ್ತೇ ನಿಮಿಷಕ್ಕೆ ತೆಗೆದುಬಿಟ್ಟೆ. ಕಾಗದದೊಳಗೆ ಉಳಿದ ಹೈಪೋ ಸುಮ್ನೆ ಇರುತ್ತಾ? ಕೆಲವೇ ವರ್ಷದಲ್ಲಿ ಭಾವನ ಪೇಟದಿಂದ ಶುರುವಾಗಿ ಹಳದಿ, ಆಮೇಲೆ ಕಂದು.

ಅದು ಈಗಲೂ ನಮ್ಮನೆ ಪಡಸಾಲೆಯಲ್ಲಿದೆ. ತೆಗೆಯೋಕೆ ಅಮ್ಮ ಬಿಡಲ್ಲ. ಬಂದವರಿಗೆಲ್ಲ ತೋರಿಸಿ, "ನಮ್ಮ ಹುಡುಗನೇ ತೊಳೆದ ಫೋಟೋ" ಅಂತಾರೆ. ತೊಳೆಯದೇ ಇದ್ದದ್ದು ಅಂತ ನಾನು ಇನ್ನೂ ಹೇಳಿಲ್ಲ.