ಅಪ್ಪಾಜಿ ಅಳೆದ ನೀರು

ಕುಡ್ಲೆ, ಗೋಕರ್ಣ
12 ಫೆಬ್ರುವರಿ 2025, ಬುಧವಾರ, ರಾತ್ರಿ 9.30

ಅಪ್ಪಾಜಿ ಮಲಗಿದ್ದಾರೆ. ಬಲಮೊಣಕಾಲಿಗೆ ಎಣ್ಣೆ ತಿಕ್ಕಿ ಟವೆಲ್ ಸುತ್ತಿದ್ದೇನೆ. ಇವತ್ತು ಭಾರತ ಹುಣ್ಣಿಮೆ ಅಂತ ಸಂಜೆ ಅಮ್ಮ ಫೋನಿನಲ್ಲಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಮೊಣಕಾಲಿನ ವಿಷಯ ಅವಳಿಗೆ ಹೇಳಲಿಲ್ಲ. ಹೊರಗೆ ಕಡಲು ಮತ್ತೆ ಏರುತ್ತಿದೆ. ಕೂತಲ್ಲಿಗೇ ಸದ್ದು ಕೇಳುತ್ತಿದೆ.

ಬೆಳಗ್ಗೆ ಏಳಕ್ಕೆ ಹೊರಟೆವು. ಕುಡ್ಲೆಯ ಗುಡ್ಡ ಹತ್ತಿ ಓಂ ಬೀಚಿಗೆ ಇಳಿಯುವವರೆಗೆ ಅಪ್ಪಾಜಿ ನನಗಿಂತ ಮುಂದೆ ಇದ್ದರು. ಮೇಲಿಂದ ಎರಡು ಬಾಗು, ನಡುವೆ ಕಡಲಿಗೆ ಚಾಚಿದ ಬಂಡೆ ಕಂಡಾಗ "ಬರೆದಂಗೈತಲ್ಲವ್ವ" ಅಂದರು. ಓಂ ದಾಟಿದ ಮೇಲೆ ದಾರಿ ಗುಡ್ಡದ ಸೊಂಟ ಹಿಡಿದು ಹೋಗುತ್ತದೆ. ಬಲಕ್ಕೆ ಕಡಿದಾಗಿ ಕಡಲು, ಕಾಲಡಿಗೆ ಉರುಳುವ ಚಿರೆಕಲ್ಲಿನ ಚೂರು. ಹಾಫ್ ಮೂನ್ ಬೀಚಿಗೆ ಇಳಿಯುವ ಕಡೆ ಅವರು ಪ್ರತಿ ಹೆಜ್ಜೆಗೂ ನಿಂತು ಕಲ್ಲು ಹಿಡಿಯುತ್ತಿದ್ದರು. ನಾನು ಕೈ ಚಾಚಿದೆ. ಹಿಡಿಯಲಿಲ್ಲ.

ಕೆಳಗೆ ಇಳಿದು ಒಂದು ಬಂಡೆಯ ಮೇಲೆ ಕೂತವರು, "ನಾ ಇಲ್ಲೇ ಇರ್ತೀನಿ. ನೀ ಹೋಗಿ ಬಾ" ಅಂದರು.

"ಬೇಡ ಅಪ್ಪಾಜಿ, ಇಬ್ರೂ ವಾಪಸ್ ಹೋಗೋಣ."

"ಮುಂದಿನ ಬೀಚು ನೋಡ್ಬೇಕು ಅಂತ ತಾನೆ ಬಂದಿದ್ದು? ಹೋಗು. ನನಗೇನು, ನೀರು ಐತೆ."

ಈ ಮಾತು ಆಗ ನನಗೆ ಅರ್ಥ ಆಗಲಿಲ್ಲ. ನೀರಿನ ಬಾಟಲಿ ಇದೆ ಅಂತ ಹೇಳಿದರು ಅಂದುಕೊಂಡೆ.

ಮುಂದಿನ ಬೀಚು ಪ್ಯಾರಡೈಸ್. ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಚೆಂದವಿದೆ. ಅಲ್ಲಿಗೂ ರಸ್ತೆ ಇಲ್ಲ, ನಡೆದೇ ಹೋಗಬೇಕು ಇಲ್ಲವೇ ದೋಣಿ. ಹಸಿ ಮರಳಿನ ಮೇಲೆ ಸಣ್ಣ ಏಡಿಗಳು ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳುಂಡೆಗಳನ್ನು ಬಿಲದ ಸುತ್ತ ಹರಡಿದ್ದವು. ಅದನ್ನು ನೋಡುತ್ತಾ ಕೂತುಬಿಟ್ಟೆ. ಗಡಿಯಾರ ನೋಡಿದರೆ ಒಂಬತ್ತೂವರೆ ದಾಟಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ವಾಪಸ್ ಬರುವಾಗ ಎದೆ ಧಸಕ್ ಅಂತು. ಹೋಗುವಾಗ ನಾನು ಕಾಲಿಟ್ಟು ದಾಟಿದ್ದ ಕೆಳಗಿನ ಬಂಡೆಗಳು ಕಾಣಲೇ ಇಲ್ಲ. ಅಲ್ಲಿ ನೀರಿತ್ತು, ಬಿಳಿ ನೊರೆ ಇತ್ತು. ಮುಳ್ಳುಪೊದೆ ಹಿಡಿದು ಮೇಲಿನ ದಾರಿಗೆ ಹತ್ತಿದೆ. ಇಲ್ಲೇ ಇಷ್ಟು ಏರಿದ್ದರೆ ಅಪ್ಪಾಜಿ ಕೂತ ಬಂಡೆ? ಅಲ್ಲಿಂದ ಏಳಲು ಆಗದೆ ಕೂತಿದ್ದರೆ? ಅರವತ್ತೊಂಬತ್ತು ವರ್ಷದವರನ್ನು ಒಬ್ಬರನ್ನೇ ಕಡಲ ಹತ್ತಿರ ಬಿಟ್ಟು ಬಂದೆನಲ್ಲ. ಓಡಿದೆ. ಎರಡು ಸಲ ಜಾರಿದೆ. ಅಂಗೈ ತರಚಿದ್ದು ಈಗ ಬರೆಯುವಾಗ ಉರಿಯುತ್ತಿದೆ.

ಅಪ್ಪಾಜಿ ಮೊದಲಿನ ಜಾಗದಲ್ಲಿ ಇರಲಿಲ್ಲ. ಮೂರು ಬಂಡೆ ಹಿಂದೆ, ನೆರಳಿನಲ್ಲಿ, ಪ್ಯಾಂಟು ಮಡಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಕೈ ಎತ್ತಿ ತಡೆದರು. "ಮಾತಾಡಬ್ಯಾಡ, ಒಂದ್ನಿಮಿಷ." ಎದುರಿನ ಕಪ್ಪು ಬಂಡೆ ನೋಡುತ್ತಿದ್ದರು. ಅದರ ಮೈಮೇಲೆ ಚಿಪ್ಪಿನಿಂದ ಗೀರಿದ ಬಿಳಿ ಗೆರೆಗಳು, ನಾಲ್ಕು ಬೆರಳಿಗೆ ಒಂದು. ಕೆಳಗಿನವು ಆಗಲೇ ಮುಳುಗಿದ್ದವು. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬರುವ ಮೊದಲು ನೀರು ಒಂದು ಗಳಿಗೆ ಸುಮ್ನೆ ನಿಂತಿತು. "ಹತ್ತು ಗಂಟೆ ಹತ್ನಿಮಿಷ" ಅಂತ ಹೇಳಿಕೊಂಡು, ಕುಮಟಾದಿಂದ ಬಂದ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡರು.

ಮೂವತ್ತೊಂದು ವರ್ಷ ಭದ್ರಾ ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಗೇಜು ನೋಡಿದವರು. ನನಗೆ ಆಗಲೇ ಹೊಳೆಯಬೇಕಿತ್ತು.

"ಅಲೆ ಲೆಕ್ಕಕ್ಕಿಲ್ಲವ್ವ. ಅಲೆ ಅಲೆ ನಡುವೆ ನಿಲ್ಲತೈತಲ್ಲ, ಅದು ನೀರು" ಅಂದರು. ಟಿಕೆಟ್ ನನ್ನ ಕೈಗೆ ಕೊಟ್ಟರು. ನೀರು ಮೊದಲ ಗೆರೆಯಿಂದ ಎರಡನೇ ಗೆರೆ ಮುಟ್ಟಲು ಹನ್ನೊಂದು ನಿಮಿಷ. ಆಮೇಲೆ ಹನ್ನೆರಡು, ಹದಿಮೂರು, ಹದಿನೈದು, ಹತ್ತೊಂಬತ್ತು. ಕೊನೆಯದಕ್ಕೆ ಇಪ್ಪತ್ತೈದು. ನಡುವಿನಲ್ಲಿ ಓಡುತ್ತದೆ, ತುಂಬುತ್ತಾ ಬಂದ ಹಾಗೆ ನಿಧಾನ ಆಗುತ್ತದೆ. ನಾನು ಫೋನಿನಲ್ಲಿ ಉಬ್ಬರದ ಹೊತ್ತು ನೋಡದೆ ಬಂದವಳು. ನೀರು ಓಡುವ ಹೊತ್ತಿನಲ್ಲೇ ಕೆಳಗಿನ ಬಂಡೆ ದಾಟಿದ್ದೆ. ಹುಣ್ಣಿಮೆ ಬೇರೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ದಿನ, ಬೇರೆ ದಿನಕ್ಕಿಂತ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ.

"ಕಾಲುವಿ ಹಿಂಗಲ್ಲ" ಅಂದರು ಅಪ್ಪಾಜಿ. "ಅಲ್ಲಿ ಮ್ಯಾಲೆ ಗೇಟು ಎತ್ತಿದ್ರೆ ನೀರು ಬರತೈತಿ, ಇಳಿಸಿದ್ರೆ ಇಲ್ಲ. ಕೊನೆ ಹೊಲದೋರು ಬಂದು ನನ್ನ ಮುಂದೆ ಅಳೋರು. ನಾ ಗೇಜು ನೋಡೋನು, ಗೇಟು ನನ್ನ ಕೈಯಾಗೆ ಎಲ್ಲಿತ್ತು? ಇಲ್ಲಿ ನೋಡು. ಯಾರನ್ನೂ ಕೇಳಂಗಿಲ್ಲ, ತಾನೇ ಬರತೈತಿ."

ಇದನ್ನು ಹೇಳುವಾಗ ಅವರ ಗಂಟಲು ಸ್ವಲ್ಪ ಕಟ್ಟಿತು. ಆ ರೈತರ ವಿಷಯ ಮನೆಯಲ್ಲಿ ಒಂದು ದಿನವೂ ಮಾತಾಡಿದವರಲ್ಲ. ಬೇಸಿಗೆ ಬೆಳೆಗೆ ನೀರು ಬಿಡುವ ದಿನಗಳಲ್ಲಿ ರಾತ್ರಿ ಊಟ ಮಾಡದೆ ಮಲಗುತ್ತಿದ್ದರು. ಹೊಟ್ಟೆ ಸರಿ ಇಲ್ಲ ಅನ್ನುತ್ತಿದ್ದರು. ನಾನೂ ತಮ್ಮನೂ ನಂಬುತ್ತಿದ್ದೆವು.

ಹತ್ತೂಮುಕ್ಕಾಲಿಗೆ ಓಂ ಬೀಚಿಗೆ ಹೋಗುವ ದೋಣಿ ಸಿಕ್ಕಿತು. ಹತ್ತುವಾಗ ಮಾತ್ರ ನನ್ನ ಭುಜ ಹಿಡಿದರು. ಗಟ್ಟಿಯಾಗಿ. ಅವರ ಭಾರ ಇಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅನ್ನ, ಬಂಗಡೆ ಸಾರು. ಅಪ್ಪಾಜಿ ಬರೀ ಮಜ್ಜಿಗೆ ಅನ್ನ ಉಂಡರು. ದೇವಸ್ಥಾನಕ್ಕೆ ಹೋಗೋಣ ಅಂದರೆ ಸಂಜೆ ನೋಡೋಣ ಅಂದರು. ಸಂಜೆಯೂ ಹೋಗಲಿಲ್ಲ. ಕುಡ್ಲೆಯ ಮರಳಿನಲ್ಲಿ ಕುರ್ಚಿ ಹಾಕಿಕೊಂಡು, ಇಳಿದ ನೀರು ಮತ್ತೆ ತಿರುಗುವುದನ್ನೇ ನೋಡುತ್ತಿದ್ದರು. ಎಲ್ಲರೂ ಸೂರ್ಯ ಮುಳುಗುವುದರ ಫೋಟೊ ತೆಗೆಯುತ್ತಿದ್ದರು. ಅಪ್ಪಾಜಿ ಆ ಕಡೆ ನೋಡಲೇ ಇಲ್ಲ.

ಮಲಗುವ ಮೊದಲು ಕೇಳಿದರು, "ನಾಳೆ ಇದೇ ಹೊತ್ತಿಗೆ ತುಂಬತೈತೇನು?"

"ಇಲ್ಲ ಅಪ್ಪಾಜಿ, ದಿನಾ ಸುಮಾರು ಐವತ್ತು ನಿಮಿಷ ತಡ ಆಗುತ್ತೆ. ಚಂದ್ರ ಮುಂದೆ ಹೋಗಿರ್ತಾನಲ್ಲ."

"ಐವತ್ತು" ಅಂತ ತಮಗೇ ಹೇಳಿಕೊಂಡರು. ಟಿಕೆಟ್ ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟರು. ಗೋಡೆ ಕಡೆ ತಿರುಗಿ ಮಲಗಿದರು.

ನಾಳೆ ಬೆಳಗ್ಗೆ ಏಳಕ್ಕೆ ನಮ್ಮ ಬಸ್ಸು. ಅವರು ಇನ್ನೊಂದು ದಿನ ಇರೋಣ ಅಂತ ಬಾಯಿ ಬಿಟ್ಟು ಕೇಳುವವರಲ್ಲ. ಆ ಬಂಡೆಗೆ ದೋಣಿಯಲ್ಲೇ ಹೋಗಿ ಬರಬಹುದು, ನಡೆಯುವ ಹಾಗೇ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ಇದ್ದರೆ ಗೆರೆಗಳು ಇನ್ನೂ ನೀರಿನಿಂದ ಮೇಲೆ ಇರುತ್ತವೆ, ಅವು ಅಳಿಸದೆ ಉಳಿದಿದ್ದರೆ